ಗೊರಕೆ ಕೇಳಿಸಿದ ಭಾನುವಾರ

ಆಗ ನನಗೆ ಅರವತ್ತಮೂರು. ಅದಾಗಿ ಐದು ವರ್ಷ ಕಳೆದಿದೆ. ಈಗಲೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಗೊರಕೆ ಹೊಡೆದರೆ ನಾನು ಸುಮ್ಮನಿರುವವಳಲ್ಲ, ಭುಜ ತಟ್ಟಿ ಎಬ್ಬಿಸುತ್ತೇನೆ. ಮೊನ್ನೆ ಮಡಿಕೇರಿಗೆ ಹೋಗುವಾಗ ಹೀಗೇ ಒಬ್ಬ ಮೀಸೆಯವನನ್ನು ಎಬ್ಬಿಸಿದೆ. "ಏನಮ್ಮಾ ನಿಂದು ಗೋಳು? ನಿನ್ನಂಗೆ ಫ್ರೀ ಬಂದಿಲ್ಲ ನಾನು, ಟಿಕೆಟ್ ತಗೊಂಡು ಮಲಗಿದೀನಿ" ಎಂದು ಗದರಿದ. "ಕಣ್ಣು ಬಿಟ್ಯಲ್ಲ, ಸಾಕು. ಇನ್ನು ಮಲಗು" ಎಂದೆ. ಸುಂಟಿಕೊಪ್ಪ ದಾಟುವವರೆಗೂ ಗೊಣಗಿದ. ಹುಚ್ಚು ಮುದುಕಿ ಎಂದುಕೊಂಡಿರಬೇಕು, ಅಂದುಕೊಳ್ಳಲಿ. ನಾಳೆ ನೀವು ನನ್ನ ಪಕ್ಕ ಕೂತು ಕಣ್ಣು ಮುಚ್ಚಿದರೆ ನಿಮಗೂ ಅದೇ ಗತಿ. ಯಾಕೆ ಎಂದು ಕೇಳಿದರೆ ಇದನ್ನೆಲ್ಲ ಹೇಳಬೇಕಾಗುತ್ತದೆ.

ನಾನು ಬೆಳೆದದ್ದೂ ಬಾಳಿದ್ದೂ ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯಿಂದ ಪಿಕ್ಕಿಂಗಿಗೆಂದು ಬಂದವರು, ಅಲ್ಲೇ ನಿಂತರು. ಲೈನ್ ಎಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಹತ್ತು ಮನೆ. ಒಂದರಲ್ಲಿ ಸೀನಿದರೆ ಮೂರನೆಯದರಲ್ಲಿ ಕೇಳಿಸುತ್ತದೆ. ಅಲ್ಲಿ ಗಂಡಸರು ಕುಡಿಯುತ್ತಿದ್ದರು, ಹೆಂಗಸರು ಕಿವಿಯಿಟ್ಟು ಕೇಳುತ್ತಿದ್ದರು. ಕುಡಿದವನು ಗಲಾಟೆ ಮಾಡುತ್ತಿದ್ದರೆ ಮಕ್ಕಳನ್ನು ಪಕ್ಕದ ಮನೆಗೆ ದಾಟಿಸುವುದು. ಸದ್ದಿಲ್ಲದೆ ಬಿದ್ದಿದ್ದರೆ ಮೂಗಿನ ಹತ್ತಿರ ಕೈ ಹಿಡಿದು ನೋಡುವುದು. ಗೊರಕೆ ಶುರುವಾಯಿತೋ, ಅಲ್ಲಿಗೆ ಆ ದಿನದ ಕಾಟ ಮುಗಿಯಿತು. ಇನ್ನು ಒಲೆ ಹಚ್ಚಬಹುದು. ನನ್ನತ್ತೆ ನನಗೆ ಇದನ್ನು ಅನ್ನ ಬಸಿಯುವುದನ್ನು ಕಲಿಸಿದ ಹಾಗೆಯೇ ಕಲಿಸಿದಳು. ಇಪ್ಪತ್ತೆರಡು ವರ್ಷ ನನ್ನ ಗಂಡನ ಗೊರಕೆ ಕೇಳಿದ ಮೇಲೇ ನಾನು ಊಟಕ್ಕೆ ಕೂತದ್ದು. ಅವನು ಸತ್ತದ್ದು ಕುಡಿತದಿಂದಲ್ಲ. ನೆರಳಿನ ಮರದ ಕೊಂಬೆ ಕಡಿಯಲು ಹತ್ತಿ ಏಣಿಯಿಂದ ಬಿದ್ದ. ಆ ದಿನ ಒಂದು ತೊಟ್ಟೂ ಕುಡಿದಿರಲಿಲ್ಲ.

ಅವನು ಹೋದ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು ಕುಶಾಲನಗರಕ್ಕೆ ಬಂದೆ. ಒಂದು ಕಾಲೇಜಿನ ಹಿಂದಿನ ರಸ್ತೆಯಲ್ಲಿ ಎರಡಂತಸ್ತಿನ ಮನೆಯೊಂದನ್ನು ಹುಡುಗಿಯರ ಪಿ.ಜಿ. ಮಾಡಿದ್ದರು. ಹನ್ನೊಂದು ಹುಡುಗಿಯರು, ಅಡುಗೆಗೆ ನಾನು. ವಾರ್ಡನ್ ಇದ್ದಾರೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಆ ವಾರ್ಡನ್ ಯಾರು ಎಂದು ಒಮ್ಮೆ ಮಾಲೀಕರನ್ನು ಕೇಳಿದೆ. "ನೀವೇ ಅಲ್ವಾ ಅಜ್ಜಿ" ಎಂದರು. ಹುಡುಗಿಯರು ಹಿಂದಿನಿಂದ ನನ್ನನ್ನು ಪೊಲೀಸಜ್ಜಿ ಎನ್ನುತ್ತಿದ್ದರು. ಒಬ್ಬಳಿಗೆ ಸಾರಿಗೆ ಬೆಲ್ಲ ಬೇಕು, ಇನ್ನೊಬ್ಬಳಿಗೆ ಕೊಬ್ಬರಿ ಎಣ್ಣೆಯ ಒಗ್ಗರಣೆ ಬೇಕು, ಮತ್ತೊಬ್ಬಳಿಗೆ ಏನೂ ಬೇಡ, ದಪ್ಪಗಾಗುತ್ತಾಳಂತೆ. ಪೊಲೀಸಾಗದೆ ಏನು ಮಾಡಲಿ?

ಚೈತ್ರ ಹುಣಸೂರಿನ ಕಡೆಯ ಹುಡುಗಿ, ಎರಡನೇ ವರ್ಷದ ಬಿ.ಕಾಂ. ಮಳೆಗಾಲದಲ್ಲಿ ಗೆಳತಿಯ ಸ್ಕೂಟರಿನಿಂದ ಬಿದ್ದು ಮಂಡಿ ಒಡೆದುಕೊಂಡಿದ್ದಳು. ಆಗ ಡಾಕ್ಟರು ಕೊಟ್ಟದ್ದು ನೋವಿನ ಮಾತ್ರೆ. ಗಾಯ ಒಣಗಿತು, ಮಾತ್ರೆ ನಿಲ್ಲಲಿಲ್ಲ. ಎಲ್ಲಿಂದಲೋ ತರಿಸುತ್ತಿದ್ದಳು. ಕಸ ಗುಡಿಸುವಾಗ ಮಂಚದ ಕೆಳಗೆ ಖಾಲಿ ಪಟ್ಟಿಗಳು ಸಿಗುತ್ತಿದ್ದವು. ತಲೆನೋವೇನೋ ಎಂದು ಮೊರಕ್ಕೆ ತುಂಬಿದೆ. ತಟ್ಟೆಯ ಮುಂದೆ ಕೂತು ತೂಕಡಿಸುತ್ತಿದ್ದಳು, ಮೂಗು ಕೆರೆದುಕೊಳ್ಳುತ್ತಿದ್ದಳು. ರಾತ್ರಿಯೆಲ್ಲ ಫೋನು ನೋಡುತ್ತಾಳೆ ಎಂದು ಬೈದೆ. ಒಮ್ಮೆ ನನ್ನ ಮಂಡಿ ಊದಿ ಮೆಟ್ಟಿಲು ಹತ್ತಲಾಗದಿದ್ದಾಗ ಅವಳೇ ಅರ್ಧ ಮಾತ್ರೆ ಕೊಟ್ಟಳು. ಆ ರಾತ್ರಿ ಕೊರಡಿನ ಹಾಗೆ ಮಲಗಿದೆ. ಬೆಳಿಗ್ಗೆ, "ಒಳ್ಳೇ ಮಾತ್ರೆ ಕಣೇ, ನಂಗೂ ಒಂದಷ್ಟು ತರ್ಸಿಕೊಡು" ಎಂದೆ. ಅವಳು ನಕ್ಕಳು. "ಬೇಡ ಅಜ್ಜಿ, ನಿಂಗೆ ಅಭ್ಯಾಸ ಆಗ್ಬಿಡುತ್ತೆ."

ನಿನಗೆ ಆಗಿದೆಯಾ ಎಂದು ನಾನು ಕೇಳಲಿಲ್ಲ.

ಭಾನುವಾರ ಅಕ್ಕಿ ರೊಟ್ಟಿ, ಕೋಳಿ ಸಾರು. ಆ ದಿನ ಹುಡುಗಿಯರು ಕರೆಯುವ ಮೊದಲೇ ಇಳಿದು ಬರುತ್ತಾರೆ. ಆ ಒಂದು ಭಾನುವಾರ ಹನ್ನೆರಡೂವರೆಗೆ ಶಹನಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ನೆಲ್ಯಹುದಿಕೇರಿಯ ಹುಡುಗಿ, ಚೈತ್ರಳ ರೂಮಿನವಳು.

"ಅಜ್ಜೀ, ಚೈತ್ರ ಏಳ್ತಾನೇ ಇಲ್ಲ. ಅಲುಗಾಡಿಸಿದ್ರೂ ಊಂ ಅನ್ನಲ್ಲ. ಒಂಥರಾ ಗೊರಕೆ."

"ಹೊಡೀಲಿ ಬಿಡು. ನೀನು ದಿನಾ ಹೊಡೀತೀಯಲ್ಲ, ಯಾರಾದ್ರೂ ದೂರು ಕೊಟ್ರಾ?"

ಊಟಕ್ಕೆ ಕೂತಿದ್ದವರು ನಕ್ಕರು. ಅವಳು ನಗಲಿಲ್ಲ. "ಉಮ್ಮಾಣೆ ಅಜ್ಜಿ, ಒಂದ್ಸಲ ಬಂದು ನೋಡಿ" ಎಂದು ಹೆತ್ತವಳ ಮೇಲೆ ಆಣೆ ಇಟ್ಟಳು. ಕೈಯ ಹಿಟ್ಟು ಒರೆಸಿಕೊಂಡು ಮೇಲೆ ಹತ್ತಿದೆ.

ಚೈತ್ರ ಅಂಗಾತ ಮಲಗಿದ್ದಳು. ಮುಖ ಬೆವೆತಿತ್ತು. ಗೊರಕೆ ಬಾಗಿಲಿಗೇ ಕೇಳುತ್ತಿತ್ತು. ಕೊಳಾಯಿಯಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊರ್ ಎಂದು ಎಳೆಯುವುದು, ನಿಲ್ಲುವುದು. ನಾಲ್ಕು ಮಾತಾಡುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಎಳೆಯುವುದು. ನಾನು ಬಗ್ಗಿ ಬಾಯಿ ಮೂಸಿದೆ. ಹೆಂಡದ ವಾಸನೆ ಇರಲಿಲ್ಲ.

"ಮಾತ್ರೆ ಜಾಸ್ತಿ ತಗೊಂಡಿದಾಳೆ ಅನ್ಸುತ್ತೆ. 108ಕ್ಕೆ ಫೋನ್ ಮಾಡ್ಲಾ?" ಎಂದಳು ಶಹನಾ. ಫೋನು ಅವಳ ಕೈಯಲ್ಲೇ ಇತ್ತು.

"ಮಾತ್ರೆ ತಗೊಂಡ್ರೆ ನಿದ್ದೆ ಬರದೆ ಇನ್ನೇನು ಕುಣಿತ ಬತ್ತದಾ? ಗೊರಕೆ ಹೊಡೀತಾಳೆ ಅಂದ್ರೆ ಉಸಿರು ಚೆನ್ನಾಗಿ ಅದೆ ಅಂತ. ಇಂಥವರನ್ನ ನಾನೆಷ್ಟು ನೋಡಿಲ್ಲ! ಆಂಬುಲೆನ್ಸು ಬಂದ್ರೆ ಬೀದಿಯವರೆಲ್ಲ ಬಂದು ನಿಂತ್ಕೋತಾರೆ. ಹೆಣ್ಮಗಳು, ನಾಳೆ ಕಾಲೇಜಿಗೆ ಹೋಗೋದು ಬೇಡ್ವಾ? ಮಲಗ್ಲಿ."

ಅವಳ ತಲೆಯ ಕೆಳಗೆ ಇನ್ನೊಂದು ದಿಂಬು ಸೇರಿಸಿದೆ. ಗದ್ದ ಎದೆಗೆ ತಾಗಿತು, ಗೊರಕೆ ಇನ್ನಷ್ಟು ಗಟ್ಟಿಯಾಯಿತು. ನನಗೆ ಇನ್ನಷ್ಟು ಸಮಾಧಾನವಾಯಿತು. ಕಿಟಕಿಯ ಪರದೆ ಎಳೆದು, ಬಾಗಿಲು ಮುಂದಕ್ಕೆ ಮಾಡಿ, ಶಹನಾಳ ತೋಳು ಹಿಡಿದು ಕೆಳಗೆ ತಂದು ಕೂರಿಸಿ ರೊಟ್ಟಿ ಹಾಕಿದೆ. ಮೂರು ತಿಂದಳು. ದೊಡ್ಡವಳು ಹೇಳಿದ ಮೇಲೆ ಅವಳಿಗೂ ಧೈರ್ಯ ಬಂದಿತ್ತು.

ಒತ್ತಬೇಕಾದದ್ದು ಮೂರು ಅಂಕಿ. ಒತ್ತಲು ಹೊರಟವಳನ್ನು ತಡೆದವಳು ನಾನು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಪಾತ್ರೆ ತೊಳೆದು, ಅವಳ ಪಾಲಿನ ಎರಡು ರೊಟ್ಟಿ ಮುಚ್ಚಿಟ್ಟು, ಎರಡು ಗಂಟೆಯ ಹೊತ್ತಿಗೆ ಮತ್ತೆ ಮೇಲೆ ಹೋದೆ. ರೂಮಿನಲ್ಲಿ ಸದ್ದಿರಲಿಲ್ಲ. ಗೊರಕೆ ನಿಂತಿತಲ್ಲ, ಈಗ ಒಳ್ಳೇ ನಿದ್ದೆ ಬಂದಿದೆ ಎಂದುಕೊಂಡೇ ಪರದೆ ಸರಿಸಿದೆ. ತುಟಿ ನೇರಳೆಹಣ್ಣು ತಿಂದವಳ ಹಾಗಿತ್ತು. ಉಗುರೂ ಅದೇ ಬಣ್ಣ. ಕೆನ್ನೆಗೆ ಹೊಡೆದೆ, ನೀರು ಎರಚಿದೆ, ಅಂಗಾಲು ತಿಕ್ಕಿದೆ, ನಿಂಬೆಹಣ್ಣು ತರಿಸಿ ಬಾಯಿಗೆ ಹಿಂಡಿದೆ. ಲೈನಿನಲ್ಲಿ ಏನೇನು ಮಾಡುತ್ತಿದ್ದೆವೋ ಅದೆಲ್ಲವನ್ನೂ ಮಾಡಿದೆ. ಶಹನಾ ಈ ಸಲ ನನ್ನನ್ನು ಕೇಳಲಿಲ್ಲ, ಫೋನ್ ಒತ್ತಿದಳು. ಆಂಬುಲೆನ್ಸು ಬೇಗ ಬಂತು. ಬೇಗ ಬಂದು ಆಗುವುದು ಏನೂ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಳಗಿನಿಂದ ಬಂದು ತಲೆಯಾಡಿಸಿದರು. ನನಗೆ ಮೊಮ್ಮಗಳಾಗುವ ವಯಸ್ಸಿನವರು. ಏನೇನಾಯಿತು ಎಂದು ಕೇಳಿದರು, ಹೇಳಿದೆ. ಗೊರಕೆಯ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿದರು.

"ಅಮ್ಮಾ, ಅದು ನಿದ್ದೆಯ ಗೊರಕೆ ಅಲ್ಲ. ಗಂಟಲು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಬಿದ್ದು, ಉಸಿರು ಕಟ್ಟುತ್ತಿದ್ದ ಸದ್ದು. ಈ ಮಾತ್ರೆ ಜಾಸ್ತಿ ಆದ್ರೆ ಉಸಿರಾಡಬೇಕು ಅನ್ನೋದೇ ಮೈಗೆ ಮರೆತು ಹೋಗುತ್ತೆ."

"ಆಗಲೇ ಕರ್ಕೊಂಡು ಬಂದಿದ್ರೆ?"

"ಅದನ್ನ ಇಳಿಸೋ ಇಂಜೆಕ್ಷನ್ ಇದೆ. ಅದು ಸಿಗೋವರೆಗೆ ಯಾರಾದ್ರೂ ಅವಳಿಗೆ ಉಸಿರು ಕೊಡ್ತಾ ಇರಬೇಕಿತ್ತು."

"ಹೆಂಗೆ ಕೊಡೋದು? ತೋರ್ಸಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಅಳುವವರನ್ನು ನೋಡಿದ್ದರು, ಬೈಯುವವರನ್ನು ನೋಡಿದ್ದರು, ಹೀಗೆ ಕೇಳುವ ಮುದುಕಿಯನ್ನು ನೋಡಿರಲಿಲ್ಲವೇನೋ. ಹೊರಗಿನ ಬೆಂಚಿನ ಮೇಲೆ ನನ್ನನ್ನೇ ಮಲಗಿಸಿದರು. ಮೊದಲು 108ಕ್ಕೆ ಫೋನು. ದಿಂಬು ತೆಗೆಯಬೇಕು. ಒಂದು ಕೈ ಹಣೆಯ ಮೇಲೆ, ಎರಡು ಬೆರಳು ಗದ್ದದ ಕೆಳಗೆ, ತಲೆ ಹಿಂದಕ್ಕೆ. ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು, ಎದೆ ಏಳುವಷ್ಟು ಊದಬೇಕು. ಐದು ಎಣಿಸಿ ಇನ್ನೊಂದು. ತಾನೇ ಚೆನ್ನಾಗಿ ಉಸಿರಾಡತೊಡಗಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ವಾಂತಿಯಾದರೂ ಗಂಟಲಿಗೆ ಸಿಕ್ಕದ ಹಾಗೆ. ಒಬ್ಬಳನ್ನೇ ಬಿಟ್ಟು ಹೋಗಬಾರದು. "ಮಜ್ಜಿಗೆ, ನಿಂಬೆರಸ, ಏನನ್ನೂ ಬಾಯಿಗೆ ಹಾಕಬೇಡಿ" ಎಂದರು. ನಿಂಬೆಹಣ್ಣಿನ ವಿಷಯ ಒಂದನ್ನು ನಾನು ಅವರಿಗೆ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ.

ಮಾಲೀಕರು ಬಂದರು. ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ಔಷಧಿ ಅಂಗಡಿಯ ಪಕ್ಕಕ್ಕೆ ಕರೆದು, "ನೋಡಿ ಅಜ್ಜಿ, ಡಾಕ್ಟ್ರು ಅವರ ರಿಪೋರ್ಟಲ್ಲಿ ಬರಿಯೋದು ಬರ್ಕೊಳ್ಳಲಿ, ಅದು ಬರೋಕೆ ಎಷ್ಟು ದಿನವೋ. ಅಲ್ಲೀವರೆಗೆ ಹುಡ್ಗೀರಿಗೆ ಹಾರ್ಟ್ ಅಂತಲೇ ಹೇಳಿ. ಇಲ್ದಿದ್ರೆ ಉಳಿದ ಹತ್ತು ಜನಾನೂ ನಾಳೆ ಪೆಟ್ಟಿಗೆ ಕಟ್ತಾರೆ. ಆಮೇಲೆ ನಿಮ್ಮನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ಹೂಂ ಎಂದೆ. ಕೆಲಸ ಹೋಗುತ್ತದೆಂದು ಹೆದರಿ ಮಾತ್ರ ಎಂದುಕೊಳ್ಳಬೇಡಿ. ಹಾರ್ಟ್ ಎಂದುಬಿಟ್ಟರೆ ನನ್ನ ದಿಂಬೂ ಇಲ್ಲ, ಮುಚ್ಚಿದ ಬಾಗಿಲೂ ಇಲ್ಲ.

ಸಂಜೆ ಹುಣಸೂರಿನ ಬಸ್ಸಿಗೆ ಚೈತ್ರಳ ಅಪ್ಪ ಬಂದರು. ಮಾಲೀಕರು ಅವರಿಗೂ ಹಾರ್ಟ್ ಎಂದೇ ಹೇಳಿದರು. ಅವರು ಜಗಳ ಮಾಡಲಿಲ್ಲ. ನನ್ನ ಕಡೆ ತಿರುಗಿ, "ಅಡುಗೆಯವ್ವ ಅಲ್ವಾ ನೀವು? ಮಧ್ಯಾಹ್ನ ಊಟ ಮಾಡಿದ್ಲಾ?" ಎಂದರು.

"ಇಲ್ಲಪ್ಪಾ" ಎಂದೆ. ಅದೊಂದು ನಿಜ ಹೇಳಿದೆ.

ಆಸ್ಪತ್ರೆಗೆ ನನ್ನ ಜೊತೆ ಬಂದಿದ್ದ ಶಹನಾ ವಾಪಸ್ಸು ಬರುವಾಗ ಆಟೋದಲ್ಲಿ ಹೊರಗೆ ನೋಡುತ್ತಲೇ ಮಾತಾಡಿದಳು. "ಅಜ್ಜಿ, ಅದೇ ಮಾತ್ರೆ ನಮ್ಮಲ್ಲಿ ಇನ್ನೂ ಇಬ್ಬರ ಹತ್ರ ಇದೆ. ಹಾರ್ಟ್ ಅಂದ್ರೆ ಅವರು ಇವತ್ತೋ ನಾಳೆಯೋ ಮತ್ತೆ ತಗೋತಾರೆ."

"ಯಾರೇ ಅದು? ಹೆಸರು ಹೇಳು."

"ಹೇಳಲ್ಲ. ನೀವು ಅವರ ಮನೆಗೆ ಫೋನ್ ಮಾಡಿಸ್ತೀರಿ. ಆಮೇಲೆ ಅವರು ಯಾರಿಗೂ ಗೊತ್ತಾಗದ ಹಾಗೆ ಬಾತ್‌ರೂಮಲ್ಲಿ ತಗೋತಾರೆ. ಬಿದ್ದರೂ ಯಾರೂ ನೋಡಲ್ಲ."

ಹತ್ತೊಂಬತ್ತು ವರ್ಷದ ಹುಡುಗಿ. ಮಧ್ಯಾಹ್ನವೂ ಅವಳ ಬುದ್ಧಿಯೇ ಸರಿಯಿತ್ತು, ಈಗಲೂ ಅವಳದೇ ಸರಿಯಿತ್ತು. ನಾನು ಹೆಸರು ಕೇಳುವುದನ್ನು ಬಿಟ್ಟೆ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಹತ್ತು ಜನರನ್ನೂ ಊಟದ ಹಾಲ್‌ಗೆ ಕರೆದೆ. ಮಾಲೀಕರು ಆಗಲೇ ಬಂದು ಹಾರ್ಟ್ ಎಂದು ಶುರು ಮಾಡಿದ್ದರು.

"ಹಾರ್ಟಲ್ಲ" ಎಂದೆ. "ಮಾತ್ರೆ. ಮಾತ್ರೆ ಜೊತೆಗೆ ನಾನು."

"ಅಜ್ಜೀ!" ಎಂದರು ಮಾಲೀಕರು.

"ನೀವು ಒಂದು ಗಳಿಗೆ ಕೂತ್ಕೊಳ್ಳಿ ಸಾರ್. ಆಮೇಲೆ ಹೋಗು ಅಂದ್ರೆ ಹೋಗ್ತೀನಿ." ಹುಡುಗಿಯರ ಕಡೆ ತಿರುಗಿದೆ. "ಯಾರತ್ರ ಅದೆ ಅಂತ ಕೇಳಲ್ಲ. ಯಾರಪ್ಪಂಗೂ ಹೇಳಲ್ಲ. ಬಿಡಕ್ಕಾಗಲ್ಲ ಅನ್ನೋರು ಅಡುಗೆಮನೆಗೆ ಬನ್ನಿ, ಆ ಡಾಕ್ಟ್ರಮ್ಮನ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಬೈಯಲ್ಲ. ಬೈಯದೆ ಇರೋದು ನಂಗೆ ಕಷ್ಟ, ಆದ್ರೂ ಬೈಯಲ್ಲ. ಈಗ ಒಂದು ಸದ್ದು ಕೇಳಿಸ್ಕೊಳ್ಳಿ."

ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಅಂಗಾತ ಮಲಗಿದೆ. ಮಂಡಿ ಲಟಕ್ಕೆಂದಿತು. ಗದ್ದ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಆ ಸದ್ದು ಮಾಡಿದೆ. ಎಳೆದೆ, ನಿಲ್ಲಿಸಿದೆ, ಅಷ್ಟೇ ಹೊತ್ತು ನಿಲ್ಲಿಸಿದೆ, ಮತ್ತೆ ಎಳೆದೆ. ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಅವಳಿಗೆ ಹೊಡೆದದ್ದು ಕೇಳಿಸಿತು. ಆಮೇಲೆ ಯಾರೂ ನಗಲಿಲ್ಲ.

"ಹಿಂಗೆ ಕೇಳಿದ್ರೆ ನಿದ್ದೆ ಅಂತ ಬಿಟ್ಟು ಹೋಗ್ಬೇಡಿ. ಒಬ್ಬಳು ಫೋನ್ ಮಾಡಿ. ಇನ್ನೊಬ್ಬಳು ಬಂದು ತಲೆ ಹಿಂದಕ್ಕೆ ಬಗ್ಗಿಸಿ" ಎಂದೆ. "ಬನ್ನಿ."

ಯಾರೂ ಬರಲಿಲ್ಲ. ಮತ್ತೆ ಆ ಸದ್ದು ಮಾಡಿದೆ. ಮೂರನೆಯ ಸಲ ಮಾಡುವಾಗ ಒಂದು ತಣ್ಣನೆಯ ಕೈ ನನ್ನ ಹಣೆಯ ಮೇಲೆ ಬಂತು. ಯಾರದೆಂದು ನೋಡಲು ನಾನು ಕಣ್ಣು ಬಿಡಲಿಲ್ಲ.

"ಗದ್ದ ಎತ್ತು ಮಗಾ" ಎಂದೆ. "ಇನ್ನೂ ಎತ್ತು. ಹೆದರಬೇಡ, ಕುತ್ತಿಗೆ ಮುರಿಯಲ್ಲ."

ಹತ್ತು ಜನವೂ ಒಬ್ಬೊಬ್ಬರಾಗಿ ಬಂದು ಕಲಿಯುವವರೆಗೆ ನಾನು ಆ ನೆಲ ಬಿಟ್ಟು ಏಳಲಿಲ್ಲ, ಕಣ್ಣೂ ಬಿಡಲಿಲ್ಲ.