ಬರಿಗಣ್ಣಲ್ಲಿ ಅಮ್ಮನನ್ನು ಕಂಡ ಆ ಶುಕ್ರವಾರ

ಸಪ್ಪಲಮ್ಮನ ಶುಕ್ರವಾರದ ಪೂಜೆಗೆ ಬರುವ ಅಕ್ಕಂದಿರೇ, ಅಣ್ಣಂದಿರೇ,

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ನನ್ನ ಬಲಗಣ್ಣು ಹೋಯಿತು ಎಂದು ನಾನೇ ತೀರ್ಮಾನ ಮಾಡಿಕೊಂಡು ಕೆಜಿಎಫ್‌ನ ಉರಿಗಾಂ ಬಡಾವಣೆಯ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ಎಡಗಣ್ಣು ಮುಚ್ಚಿದರೆ ಎದುರು ಗೋಡೆಯ ಕ್ಯಾಲೆಂಡರು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಕಣ್ಣೊಳಗೆ ಮರಳು ಬಿದ್ದಂತೆ ಚುಚ್ಚುವ ನೋವು, ನಿಲ್ಲದ ನೀರು. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ. ಆ ಕಣ್ಣು ನನಗೆ ವಾಪಸು ಸಿಕ್ಕಿದ್ದು ಹೇಗೆ ಎಂದು ನಿಮ್ಮ ಮುಂದೆ ಹೇಳಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ನನ್ನೂರು ಹಾವೇರಿ ಕಡೆ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳತೆ ಹಿಡಿದು ನೋಡುವುದು ನನ್ನ ಕೆಲಸ. ಮದುವೆಯಾಗಿಲ್ಲ, ಆ ಕಥೆ ಇಲ್ಲಿ ಬೇಡ. ಮೂರನೇ ಕ್ಲಾಸಿನಲ್ಲಿ ಮೂಗಿನ ಮೇಲೆ ಹತ್ತಿದ ಕನ್ನಡಕ ವರ್ಷವರ್ಷಕ್ಕೂ ದಪ್ಪವಾಗುತ್ತ ಹೋಯಿತೇ ಹೊರತು ಇಳಿಯಲಿಲ್ಲ. ದೇವಸ್ಥಾನದಲ್ಲಿ ಮಾತ್ರ ನಮ್ಮವ್ವ ಅದನ್ನು ತೆಗೆಸುತ್ತಿದ್ದಳು. ಮಂಗಳಾರತಿಯ ಬಿಸಿ ಕಣ್ಣಿಗೆ ತಾಗಬೇಕು, ಗಾಜಿಗಲ್ಲ ಅನ್ನುವುದು ಅವಳ ಶಾಸ್ತ್ರ. ಅವ್ವ ತೀರಿಕೊಂಡ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ಹೀಗಾಗಿ ಬಂಗಾರಪೇಟೆ ಹೊರಗಿನ ನಮ್ಮ ಸಪ್ಪಲಮ್ಮನ ಗುಡಿಗೆ ಇಷ್ಟು ವರ್ಷ ಬಂದರೂ ಅಮ್ಮ ಅಂದರೆ ನನಗೆ ಅರಿಶಿನ, ಕುಂಕುಮ, ದೀಪ ಎಲ್ಲ ಕಲಸಿದ ಒಂದು ಬಣ್ಣದ ಮುದ್ದೆ ಅಷ್ಟೇ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಷ್ಟರಲ್ಲಿ ಹಿಂದಿನವರು ತಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ನನಗೆ ಬರಿಗಣ್ಣಲ್ಲೇ ಅವಳನ್ನು ನೋಡಬೇಕಿತ್ತು.

ಲೇಸರ್ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದಾಗ ಊರಿನಲ್ಲಿರುವ ತಂಗಿ ಸಾವಿತ್ರಿ ಫೋನಿನಲ್ಲೇ ಜಗಳ ತೆಗೆದಳು. "ಅಕ್ಕಾ, ಇದ್ದ ಕಣ್ಣು ಚೊಲೋ ಅದಾವ. ಈ ವಯಸ್ಸಿನ್ಯಾಗ ಯಾಕ ಬೇಕ ಈ ಉಸಾಬರಿ? ಏನರೆ ಆದ್ರ ನಿನ್ನ ನೋಡ್ಕೊಳ್ಳಾಕ ಯಾರದಾರ ಅಲ್ಲೆ?" ಕೊನೆಯ ಮಾತು ನನಗೆ ಚುರ್ ಎಂದಿತು. ಯಾರೂ ಬೇಡ ಎಂದು ಫೋನಿಟ್ಟೆ. ಹಟದಿಂದಲೇ ಬೆಂಗಳೂರಿಗೆ ಹೋಗಿ ಸೋಮವಾರ ಆಪರೇಷನ್ ಮಾಡಿಸಿಕೊಂಡು ಬಂದೆ.

ಕಣ್ಣಿನ ಮೇಲಿನ ತೆಳುಪದರ ಎತ್ತಿ, ಒಳಗೆ ಲೇಸರ್ ಹಾಯಿಸಿ, ಪದರವನ್ನು ಮತ್ತೆ ಮುಚ್ಚುತ್ತಾರಂತೆ. "ಅದು ಕೂಡಿಕೊಳ್ಳೋವರೆಗೂ ಕಣ್ಣು ಉಜ್ಜಬೇಡಿ, ನೀರು ತಾಗಿಸಬೇಡಿ," ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾಲ್ಕು ದಿನ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿ ಮುಚ್ಚಿ ಕೂತೆ. ಹನಿ ಹಾಕಿಕೊಳ್ಳಲು ತಲೆ ಎತ್ತಿದರೆ ಅರ್ಧ ಕೆನ್ನೆಗೆ, ಅರ್ಧ ಕಿವಿಗೆ. ಹೊರಗೆ ಜನ ಕನ್ನಡ, ತಮಿಳು, ತೆಲುಗು ಎಲ್ಲ ಬೆರೆಸಿ ಮಾತಾಡಿಕೊಂಡು ಹೋಗುವುದು ಕೇಳುತ್ತಿತ್ತು. ಒಬ್ಬರೂ ನನ್ನ ಬಾಗಿಲು ತಟ್ಟಲಿಲ್ಲ. ತಟ್ಟಲು ನಾನು ಯಾರಿಗೆ ಪರಿಚಯ?

ಶುಕ್ರವಾರ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಗುಡಿಗೆ ಬಂದೆ. ಗರ್ಭಗುಡಿಯ ಮುಂದೆ ನಿಂತು ಕಪ್ಪು ಕನ್ನಡಕ ತೆಗೆದೆ. ಅದ್ಯಾಕೆ ಎಂದ ಪೂಜಾರಿ ಪಿಳ್ಳಪ್ಪನವರಿಗೆ, ಕಣ್ಣಿನ ಆಪರೇಷನ್ ಆಗಿದೆ, ಉರಿಗಾಂನಿಂದ ಒಬ್ಬಳೇ ಬಂದೆ ಎಂದೆ. ಅವರು ಕರ್ಪೂರ ಎತ್ತಿದರು. ಅಮ್ಮ ಕಂಡಳು! ಬೆಳ್ಳಿ ಕಣ್ಣು, ಎಣ್ಣೆ ಕುಡಿದು ನುಣುಪಾದ ಕಲ್ಲಿನ ಕೆನ್ನೆ, ತುಟಿಯ ತುದಿಯಲ್ಲಿ ಸಣ್ಣ ನಗು. ಅವಳು ನಗುತ್ತಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಗಳಗಳ ಅತ್ತುಬಿಟ್ಟೆ. ತಟ್ಟೆ ಮುಂದೆ ಬಂದಾಗ ಕೈಗಳು ತಮ್ಮ ಪಾಡಿಗೆ ತಾವು ಬೆಂಕಿಯ ಮೇಲೆ ಹಾದು ಕಣ್ಣಿಗೊತ್ತಿದವು. ತೀರ್ಥ ಕುಡಿದು ಒದ್ದೆ ಅಂಗೈಯನ್ನೂ ಕಣ್ಣಿಗೆ ಒತ್ತಿ ಉಜ್ಜಿಕೊಂಡೆ. ಅವ್ವ ಕಲಿಸಿದ್ದು ಕೈಗೆ ನೆನಪಿತ್ತು, ಡಾಕ್ಟರು ಹೇಳಿದ್ದು ನೆನಪಿರಲಿಲ್ಲ.

ವಾಪಸು ಬಸ್ಸಿನಲ್ಲೇ ಬಲಗಣ್ಣು ಉರಿಯತೊಡಗಿತು. ಮರುದಿನದ ಸ್ಥಿತಿ ಆಗಲೇ ಹೇಳಿದೆ. ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಕಣ್ಣು ಹೋಯಿತು ಎಂದು ಅವರ ಬಾಯಿಂದ ಕೇಳುವ ಧೈರ್ಯ ಇರಲಿಲ್ಲ. ಸೋಮವಾರ ಹೇಗೂ ತಪಾಸಣೆ ಇದೆ, ಅಲ್ಲಿವರೆಗೆ ಗೊತ್ತಿಲ್ಲದೆ ಇರೋಣ ಅನಿಸಿತು. ಸಾವಿತ್ರಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಕೊನೆಗೆ ಉಳಿದವಳು ಅಮ್ಮ ಒಬ್ಬಳೇ. ನಾನು ಕೈ ಮುಗಿಯಲಿಲ್ಲ, ಜಗಳಕ್ಕೇ ನಿಂತೆ. "ನಿನ್ನ ನೋಡೋಕೆ ಅಂತ ಮಾಡಿಸಿಕೊಂಡ ಕಣ್ಣು. ಒಂದು ಸಲ ತೋರಿಸಿ ಕಿತ್ತುಕೊಳ್ತೀಯಾ? ನನಗೆ ಯಾರಿದ್ದಾರೆ ಅಂತ ನಿನಗೆ ಗೊತ್ತಿಲ್ವಾ?" ಗಟ್ಟಿಯಾಗಿಯೇ ಕೂಗಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಹಾಗೇ ಮಲಗಿಬಿಟ್ಟೆ.

ಭಾನುವಾರ ಬೆಳಿಗ್ಗೆ ಬಾಗಿಲು ದಬದಬ ಬಡಿದ ಸದ್ದು. ತಡಕಾಡಿ ಚಿಲಕ ತೆಗೆದರೆ ಪಿಳ್ಳಪ್ಪನವರು, ಹಿಂದೆ ಅವರ ಹೆಂಡತಿ ಮುನಿರತ್ನಮ್ಮ. ಪಕ್ಕದಲ್ಲಿ ಮೊಪೆಡ್ಡು.

"ಅಮ್ಮನ ಮುಂದೆ ಕಣ್ಣುಜ್ಜಿಕೊಂಡ್ಯಲ್ಲವ್ವ, ಆವತ್ತಿಂದ ನಂಗೆ ಅನ್ನ ಸೇರಾಕಿಲ್ಲ," ಎಂದರು ಪಿಳ್ಳಪ್ಪ. "ಮನೇಲಿ ಏಳ್ದೆ. ಇವ್ಳು ನನ್ನ ಬೈದಿದ್ದೇ ಬೈದಿದ್ದು."

"ಬೈಯ್ದೆ ಇನ್ನೇನ್ ಮಾಡ್ಲಿ?" ಮುನಿರತ್ನಮ್ಮ ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದರು. "ಆಪರೇಸನ್ ಆಗೈತೆ ಅಂತ ಆ ಮಗ ಬಾಯ್ಬಿಟ್ಟು ಏಳೈತೆ, ಈವಯ್ಯ ಕೈಗೆ ತೀರ್ಥ ಉಯ್ದವ್ನೆ! ಎಲ್ಲಿ, ಎಂಗೈತೆ, ತೋರ್ಸು." ನನ್ನ ಗದ್ದ ಹಿಡಿದೆತ್ತಿ ನೋಡಿ ಅವರ ಮುಖ ಗಂಭೀರವಾಯಿತು. "ನಡಿ. ಸೀರೆ ಉಟ್ಕೋ. ಈಗ್ಲೇ ಬೆಂಗ್ಳೂರಿಗೆ ಓಗಾದು."

ಮನೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಪಿಳ್ಳಪ್ಪ ನಾಚಿಕೊಂಡು ತಲೆ ಕೆರೆದರು. "ತಪ್ಪು ತಿಳ್ಕೋಬ್ಯಾಡ. ನಿನ್ನೆಸ್ರು ನಂಗೊತ್ತಿಲ್ಲ. ಸೋಡಾಬುಡ್ಡಿ ಮೇಡಂ ಮನೆ ಯಾವ್ದು ಅಂದೆ. ಬೀದಿ ತುದಿಯಿಂದ್ಲೇ ಎಲ್ರೂ ಕೈ ತೋರ್ಸಿದ್ರು." ಅಷ್ಟು ನೋವಿನಲ್ಲೂ ನಗು ಬಂತು. ನಾನು ಇರುವುದೇ ಈ ಬೀದಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಪಿಳ್ಳಪ್ಪನವರು ಪೂಜೆಗೆ ಹೊರಟುಹೋದರು. ಮುನಿರತ್ನಮ್ಮ ನನ್ನ ಫೋನಿನಿಂದಲೇ ಆಸ್ಪತ್ರೆಗೆ ಕರೆ ಮಾಡಿಸಿದರು. ಅಲ್ಲಿಯವರು ತಕ್ಷಣ ಬನ್ನಿ ಎಂದರು. ಬಸ್ಸಿನಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲು. ಜನರ ನೂಕುನುಗ್ಗಲಿನಲ್ಲಿ ಯಾರ ಮೊಣಕೈಯೂ ನನ್ನ ಮುಖಕ್ಕೆ ತಾಗದ ಹಾಗೆ ಅವರು ಅಡ್ಡ ಕೂತರು. ದಾರಿಯುದ್ದಕ್ಕೂ ತಮ್ಮ ಹಸು ಈದ ಕಥೆ ಹೇಳಿದರು, ನನ್ನ ಕಣ್ಣಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಕೈ ಮಾತ್ರ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ.

ಡ್ಯೂಟಿಯಲ್ಲಿದ್ದ ಡಾಕ್ಟರು ಯಂತ್ರದಲ್ಲಿ ನೋಡಿದರು. ಪದರ ಜಾರಿ ಸುಕ್ಕುಗಟ್ಟಿದೆ ಎಂದರು. "ಇವತ್ತೇ ಬಂದಿದ್ದು ಒಳ್ಳೇದಾಯ್ತು. ಹೀಗೇ ಬಿಟ್ಟಿದ್ದರೆ ಸುಕ್ಕು ಕೂತುಬಿಡ್ತಿತ್ತು, ಆಮೇಲೆ ಸರಿ ಮಾಡೋದು ಕಷ್ಟ." ಅಲ್ಲೇ ಎತ್ತಿ, ತೊಳೆದು, ಪದರವನ್ನು ನೆಟ್ಟಗೆ ಕೂರಿಸಿದರು. ಸೋಮವಾರದವರೆಗೆ ಕಣ್ಣು ಮುಚ್ಚಿಕೊಂಡು ಕಾಯೋಣ ಎಂದಿದ್ದ ನಾನು ಹೊರಗಿನ ಬೆಂಚಿನ ಮೇಲೆ ಕೂತು ಅಳತೊಡಗಿದೆ. ಮುನಿರತ್ನಮ್ಮ ಅಂದರು, "ಅಳ್ಬ್ಯಾಡ, ಕಣ್ಣು ಒದ್ದೆ ಆಗ್ತದೆ."

ಕೆಲವು ದಿನ ಅವರೇ ಬಂದು ಹನಿ ಹಾಕಿದರು. ಒಂದು ಬೆಳಿಗ್ಗೆ ಎಚ್ಚರವಾದಾಗ ಎರಡೂ ಕಣ್ಣಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಸೂರಿನ ಬಿರುಕು, ಜೇಡನ ಬಲೆ, ಒಂದೇ ತಟ್ಟೆ, ಒಂದೇ ಲೋಟ. ಮನೆ ಎಷ್ಟು ಖಾಲಿ ಎಂಬುದೂ ಅಷ್ಟೇ ನಿಚ್ಚಳವಾಗಿ ಕಂಡಿತು. ಸಂತೋಷವೂ ಆಯಿತು, ಸಂಕಟವೂ ಆಯಿತು. ಮೊದಲು ಮುನಿರತ್ನಮ್ಮನಿಗೆ ಫೋನ್ ಮಾಡಿದೆ.

"ಕಾಣಿಸ್ತಾ ಇದೆ ಅಕ್ಕಾ."

"ಕಾಣ್ದೆ ಏನು? ಶುಕ್ರವಾರ ಬಾ. ಬರ್ಲಿಲ್ಲ ಅಂದ್ರೆ ನಾನೇ ಬತ್ತೀನಿ."

ಭಕ್ತರೇ, ಅಮ್ಮ ನನ್ನ ಕಣ್ಣನ್ನು ಉಳಿಸಿದಳು ಎಂದು ಹೇಳಿ ಮುಗಿಸಬಹುದು. ಅದು ನಿಜವೇ. ಆದರೆ ಆ ಶನಿವಾರ ನಾನು ಅವಳನ್ನು ಕೇಳಿದ್ದು ಕಣ್ಣೊಂದನ್ನೇ ಅಲ್ಲ, ನನಗೆ ಯಾರಿದ್ದಾರೆ ಎಂದೂ ಕೇಳಿದ್ದೆ. ಬೈಗುಳದ ಹಾಗೆ ಕೇಳಿದ್ದಕ್ಕೂ ಅವಳು ಬೇಸರಿಸದೆ ಉತ್ತರ ಕೊಟ್ಟಳು. ಅವಳ ಪಾದಕ್ಕೆ ಹಣೆಯಿಟ್ಟು ಇದನ್ನು ಬರೆಯುತ್ತಿದ್ದೇನೆ. ನಾನು ಈಗಲೂ ಒಬ್ಬಳೇ ಇದ್ದೇನೆ, ಸಂಜೆಗಳು ಈಗಲೂ ಉದ್ದವೇ. ಹಗಲು ಹೊತ್ತು ಮಾತ್ರ ಬಾಗಿಲಿಗೆ ಚಿಲಕ ಹಾಕುವುದಿಲ್ಲ.