ಓರೆಯಾದ ಬುಷ್

ನನ್ನ ಅಣ್ಣ ಬಣಕಲ್ಲಿನ ಮನೆಯ ಹಿಂದೆ ಕಬ್ಬಿಣ ಕೊಯ್ಯುವ ಚಿಕ್ಕ ಬ್ಯಾಂಡ್‌ಸಾ ಗರಗಸ ಇಟ್ಟುಕೊಂಡಿದ್ದ. ಹವ್ಯಾಸಕ್ಕೆಂದು ತಂದದ್ದು, ಆಮೇಲೆ ತೋಟದವರೂ ಕೆಲಸ ತರತೊಡಗಿದರು. ಕೊಯ್ದ ತುಂಡನ್ನು ಮೂಲೆಮಟ್ಟಕ್ಕೆ ಹಿಡಿದು, ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ನಾನು ಗರಗಸದ ಮೇಲೆ ಕೈಯಿಟ್ಟರೆ, "ಒತ್ತಬೇಡ ಮಾರಾಯ್ತಿ, ಅದರ ಭಾರಕ್ಕೆ ಅದೇ ಇಳೀತದೆ" ಎನ್ನುತ್ತಿದ್ದ.

ಕೊಯ್ಲಿನ ಸಮಯದಲ್ಲಿ ಒಂದು ತೋಟದ ಪಲ್ಪರ್ ಕೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು ನಿಂತಿತು. ಅದರ ಅಚ್ಚಿಗೆ ತೊಡಿಸುವ ಬಳೆಯಂಥ ಬುಷ್ ಒಂದನ್ನು ಕೊಯ್ಯಲು ಮೆಷಿನ್ ಹಚ್ಚಿಟ್ಟು ಅಣ್ಣ ಊಟಕ್ಕೆ ಹೋದ. ತೋಟದ ಲೆಕ್ಕ ಬರೆಯುವ ರೈಟರು ಹೊರಗಿನಿಂದಲೇ, "ಬೇಗ ಆಗ್ಲಿ ಅಕ್ಕಾ, ಹಣ್ಣು ರಾಶಿಯಲ್ಲೇ ಬಿಸಿಯಾಗ್ತಾ ಉಂಟು" ಎಂದರು. ನಾನು ಗರಗಸ ಒತ್ತಿದೆ. ಬ್ಲೇಡು ವಾಲಿ ಬುಷ್ ಓರೆಯಾಯಿತು.

ಅಣ್ಣ ಬಂದು ಮಟ್ಟ ಹಿಡಿದು ನೋಡಿದ. "ನನ್ನದೇ ತಪ್ಪು, ತುಂಡನ್ನು ನೇರ ಕಟ್ಟಲಿಲ್ಲ. ಕಣ್ಣು ಮಂಜಾಗಿದೆ" ಎಂದು ರೈಟರಿಗೆ ಹೇಳಿದ. ನಾನು ಕೆಳಗೆ ಬಿದ್ದ ಕಬ್ಬಿಣದ ಪುಡಿ ಗುಡಿಸಿದೆ. ಆಮೇಲೆ ಅವನು ತೋಟದವರ ಕೆಲಸ ಒಪ್ಪಿಕೊಳ್ಳಲೇ ಇಲ್ಲ.

ಮೂಡಿಗೆರೆಯ ಡಾಕ್ಟರು ಕಣ್ಣು ಸರಿಯಿದೆ ಎಂದರು. ಅಣ್ಣ ನಂಬಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, "ಮತ್ತೆ ಆ ಬುಷ್ ಓರೆ ಹೇಗಾಯ್ತು, ನೀನೇ ಹೇಳು" ಎಂದು ಕೇಳಿದ.

"ವಯಸ್ಸಾಯ್ತಲ್ಲ ಅಣ್ಣಾ" ಎಂದೆ.