ಕೊಂಬಿನ ಬಣ್ಣದ ಗೆರೆ

ಹೋದ ವಾರ ಬೆಳಿಗ್ಗೆ ಅಡುಗೆಮನೆಯಿಂದ ಸುಟ್ಟ ಮೀನಿನಂಥ ವಾಸನೆ ಬಂತು. ನಮ್ಮ ಮನೆಯಲ್ಲಿ ಅವತ್ತು ಮೀನು ತಂದಿರಲಿಲ್ಲ. ಚಟ್ನಿ ರುಬ್ಬುತ್ತಿದ್ದ ಹಳೆಯ ಮಿಕ್ಸಿ ಗಕ್ಕನೆ ನಿಂತಿತ್ತು, ಅದರ ತಿರುಗಿಸುವ ಸ್ವಿಚ್ಚಿನ ಸಂದಿಯಿಂದ ಹೊಗೆಯ ಎಳೆಯೊಂದು ಏಳುತ್ತಿತ್ತು. ಹೆಂಡತಿ ಪ್ಲಗ್ ಕಿತ್ತು ಕಿಟಕಿ ತೆಗೆದಳು. ನಾನು ಅಲ್ಲೇ ನಿಂತುಬಿಟ್ಟೆ. ಸ್ವಿಚ್ಚಿನ ಮೈಯ ಗಟ್ಟಿ ಕರಿ ಪ್ಲಾಸ್ಟಿಕ್ಕು, ಬ್ಯಾಕಲೈಟ್, ಸುಟ್ಟರೆ ಹಾಗೇ ನಾರುತ್ತದೆ. ಆ ವಾಸನೆಯನ್ನು ಹತ್ತಿರದಿಂದ ಕುಡಿದದ್ದು ನಲವತ್ತು ವರ್ಷದ ಹಿಂದೆ, ನ್ಯಾಮತಿಯ ಒಂದು ಹಿಟ್ಟಿನ ಗಿರಣಿಯಲ್ಲಿ. ಅದು ಮೂಗಿಗೆ ಬಡಿದಾಗಲೆಲ್ಲ ಬೇರೆಯವರಿಗೆ ಹೆದರಿಕೆಯಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಅವತ್ತಿನ ಸಿಟ್ಟೇ, ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ತಗಡು ಹೊದಿಸಿದ ಒಂದು ಅಂಗಡಿ ಇತ್ತು. ಬೋರ್ಡು ಇರಲಿಲ್ಲ. ಬಾಗಿಲ ಮುಂದೆ ಬಿಚ್ಚಿ ಹಾಕಿದ ಮೋಟರುಗಳೇ ಬೋರ್ಡು. ಒಳಗೆ ಕೂತಿರುತ್ತಿದ್ದವರು ನಮ್ಮ ಕೇರಿಯವರೇ. ರಕ್ತಸಂಬಂಧ ಇರಲಿಲ್ಲ, ಆದರೂ ನಾನು ಮಾವ ಅನ್ನುತ್ತಿದ್ದೆ, ಅವರು ಅಳಿಯ ಅನ್ನುತ್ತಿದ್ದರು. ಉಳಿದ ಊರಿಗೆಲ್ಲ ಅವರು ಮಿಸ್ತ್ರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಬಹಳಷ್ಟು ಗಿರಣಿಗಳ ಮೋಟರು, ಸ್ವಿಚ್ಚು ಎಲ್ಲ ಅವರ ಕೈಯಲ್ಲೇ ಇದ್ದವು. ಅವರನ್ನು ಮನೆಯ ಹೊಸ್ತಿಲು ದಾಟಿಸದ ಮಾಲೀಕರು ಮೋಟರು ನಿಂತ ದಿನ ಮಾತ್ರ ಬಸ್ಸಿಳಿಯುವ ಜಾಗಕ್ಕೇ ಓಡಿಬಂದು ಕರೆದುಕೊಂಡು ಹೋಗುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಸ್ವಿಚ್ಚಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ ಮೇಲೆ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆಯುವರು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಬಣ್ಣ ಅದು. ಬೆಂಕಿಕಡ್ಡಿಯ ತುದಿಯನ್ನು ಅದ್ದಿ, ಸ್ಕ್ರೂವಿನ ತಲೆಯಿಂದ ಅದರಡಿಯ ಹಿತ್ತಾಳೆ ಪಟ್ಟಿಯ ಮೇಲೆ ಹಾಯಿಸಿ ಪಕ್ಕದ ಬ್ಯಾಕಲೈಟ್ ಗೋಡೆಯವರೆಗೆ ಒಂದೇ ಗೆರೆ ಎಳೆಯುವರು. ಹದಿನೈದು ದಿನಕ್ಕೆ ಸರಿಯಾಗಿ ತಾವೇ ಬಸ್ಸು ಹತ್ತಿ ಹೋಗಿ, ಮೇನ್ ಸ್ವಿಚ್ ತೆಗೆಸಿ, ಮುಚ್ಚಳ ಬಿಚ್ಚಿ ನೋಡುವರು. ಗೆರೆ ಎಲ್ಲಿ ಮುರಿದಿದೆಯೋ ಅಲ್ಲಿ ಏನೋ ಅಲುಗಿದೆ ಎಂದು ಅರ್ಥ. ಸ್ಕ್ರೂ ತಿರುಗಿದ್ದರೆ ಒಂದು ಕಡೆ ಮುರಿಯುತ್ತದೆ, ಪಟ್ಟಿಯೇ ತಿರುಗಿದ್ದರೆ ಇನ್ನೊಂದು ಕಡೆ. ಮೀಟರು ಬೇಡ, ಓದು ಬೇಡ, ಕಣ್ಣಿದ್ದರೆ ಸಾಕು.

ಗಿರಣಿಯವರು ಅದನ್ನು ಕುಂಕುಮ ಅಂದುಕೊಂಡಿದ್ದರು. ಮಿಸ್ತ್ರಿ ಗೆರೆ ಎಳೆಯುವಾಗ ಕೆಲವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಅದು ಪೂಜೆಯಲ್ಲ ಅಂತ ಅವರಿಗೆ ಯಾಕೆ ಹೇಳುವುದಿಲ್ಲ ಎಂದು ಒಮ್ಮೆ ಕೇಳಿದೆ.

"ಹೇಳಿದ್ರೆ ನಾಳೆನೇ ಸ್ಕ್ರೂಡ್ರೈವರ್ ಹಿಡ್ಕಂಡು ಕೈ ಹಾಕ್ತಾರೆ ಕಣೋ. ಕುಂಕುಮ ಅಂದ್ಕಂಡ್ರೆ ಯಾವನೂ ಮುಟ್ಟಾಕೆ ಹೋಗಲ್ಲ" ಎಂದರು. ಆಮೇಲೆ ಬೀಡಿ ಹಚ್ಚುತ್ತಾ ನಕ್ಕರು. "ನಾವು ಮುಟ್ಟಿದ್ದನ್ನ ಅವರು ಮುಟ್ಟದೇ ಇರಾದು ಹೊಸದೇನೋ ಅಳಿಯಾ? ಒಂದ್ಸಲನಾದ್ರೂ ನಮಗೆ ಉಪಯೋಗಕ್ಕೆ ಬರ್ಲಿ ಬಿಡು."

ನಾನು ಆಗ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷ. ಅವ್ವ ಸೂಳೆಕೆರೆ ನೀರಿನ ಗದ್ದೆಗಳಲ್ಲಿ ನಾಟಿಗೆ ಹೋಗಿ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಈ ಹೆಮ್ಮೆಯನ್ನು ನಾನು ಮುಚ್ಚಿಟ್ಟುಕೊಳ್ಳುವುದಿಲ್ಲ. ಆ ಸಹಿ ಏನು ಮಾಡಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ತಿರುಗಿಸುವ ಸ್ವಿಚ್ಚನ್ನೇ ಆರಿಸಿಕೊಂಡಿದ್ದೆ. ಪುಸ್ತಕ ಹಿಡಿದು ಮಾವನ ಅಂಗಡಿಗೆ ಹೋದೆ.

"ಏನ್ ಬರ್ದವ್ರೆ ಅದ್ರಾಗೆ, ಇಂಜಿನಿಯರ್ ಸಾಹೇಬ್ರೇ?"

"ಪಟ್ಟಿ ದಪ್ಪ ಇದ್ದಷ್ಟೂ ಒಳ್ಳೇದಂತೆ ಮಾವ. ಬಿಸಿ ಆಗಲ್ಲ."

"ಹೌದಾ? ದಪ್ಪಂದೇ ಐತೆ ಇದು. ಬಿಗಿ ಮಾಡು ನೋಡಾನ."

ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟರು. ಇಂಥ ಸ್ವಿಚ್ಚಿನಲ್ಲಿ ಹಿತ್ತಾಳೆ ಪಟ್ಟಿಯ ಹೊರತುದಿಗೆ ತಂತಿ ಬಿಗಿಯುತ್ತಾರೆ, ಟರ್ಮಿನಲ್ ಅನ್ನುವುದು ಅದಕ್ಕೇ. ಒಳತುದಿ, ಕೈಯಲ್ಲಿ ತಿರುಗಿಸುವ ಗುಬುಟಿನ ಜೊತೆ ತಿರುಗುವ ತುಂಡಿಗೆ ಚಪ್ಪಟೆಯಾಗಿ ಒತ್ತಿಕೊಂಡು ಕರೆಂಟು ದಾಟಿಸುತ್ತದೆ. ನಾನು ಜೋರಾಗಿ ಬಿಗಿ ಮಾಡಿದೆ. ಕೊನೆಯ ಅರ್ಧ ಸುತ್ತಿಗೆ ಸ್ಕ್ರೂವಿನ ಜೊತೆ ಪಟ್ಟಿಯೇ ಕೂದಲೆಳೆಯಷ್ಟು ತಿರುಗಿತು. "ಈಗ ಒಳಗಡೆ ನೋಡು" ಎಂದರು. ಚಪ್ಪಟೆಯಾಗಿ ಒತ್ತಬೇಕಾದ ತುದಿ ಅಂಚಿನ ಮೇಲೆ ನಿಂತಿತ್ತು. ಹತ್ತು ಎಚ್.ಪಿ. ಮೋಟರಿನ ಕರೆಂಟೆಲ್ಲ ಸೂಜಿಮೊನೆಯಷ್ಟು ಜಾಗದಲ್ಲಿ ದಾಟಬೇಕು. ಬಿಸಿಯಾಗದೆ ಏನಾಗುತ್ತದೆ?

"ಪುಸ್ತಕ ಬರ್ದೋನು ಸ್ಕ್ರೂ ಬಿಗಿ ಮಾಡಿದಂಗೆ ಕಾಣಲ್ಲ" ಎಂದರು ಮಾವ. "ಮೋಟರ್ ಓಡ್ತಾ ಅದುರ್ತೈತೆ. ಅದುರಿದಂಗೆಲ್ಲ ಪಟ್ಟಿ ಹಿಂಗೇ ಸರೀತಾ ಹೋಗ್ತೈತೆ. ಅದಕ್ಕೆ ನಿಲ್ಲಾಕೆ ಒಂದು ಕಾಲು ಬೇಕು."

ಆ ಕಾಲನ್ನು ಅವರು ಆಗಲೇ ಮಾಡಿಟ್ಟಿದ್ದರು. ಪಟ್ಟಿಯ ಹೊರತುದಿಯನ್ನು ಕಿರುಬೆರಳಿನ ಉಗುರಿನಷ್ಟು ಉದ್ದ ಬಿಟ್ಟು ಕೆಳಕ್ಕೆ ಬಾಗಿಸಿ, ಬ್ಯಾಕಲೈಟಿನಲ್ಲಿ ಅರದಿಂದ ಒಂದು ಕಚ್ಚು ಕೊರೆದು ಅದರೊಳಗೆ ಕೂರಿಸಿದ್ದರು. ಇನ್ನು ಸ್ಕ್ರೂ ಎಷ್ಟು ತಿರುಗಿಸಿದರೂ ಪಟ್ಟಿ ಅಲುಗದು. ಇಷ್ಟೇ. ಒಂದು ಬಾಗು, ಒಂದು ಕಚ್ಚು. ಕಾಲೇಜಿನ ನಾಲ್ಕು ವರ್ಷದಲ್ಲಿ ಯಾರೂ ನನಗೆ ಹೇಳಿಕೊಡದ ಮಾತು.

ಅದನ್ನೇ ಅಳತೆ ಹಾಕಿ ಡ್ರಾಯಿಂಗ್ ಮಾಡಿದೆ. ಅದೇ ಡ್ರಾಯಿಂಗ್ ಹಿಡಿದು ಹರಿಹರದ ಕಡೆಯ ಒಂದು ಸಣ್ಣ ಸ್ವಿಚ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಇದು ಯಾರದು ಎಂದು ಮ್ಯಾನೇಜರು ಕೇಳಿದಾಗ ಸುಳ್ಳು ಹೇಳಲಿಲ್ಲ, ನಮ್ಮೂರಿನ ಮಿಸ್ತ್ರಿಯವರದು ಎಂದೆ. "ಅವರೇನು ಓದಿದ್ದಾರೆ?" ಎಂದರು. "ನಾಲ್ಕನೇ ಕ್ಲಾಸು." ಅವರು ನಕ್ಕರು. ನಕ್ಕರೂ ಡ್ರಾಯಿಂಗ್ ಇಟ್ಟುಕೊಂಡರು. ಒಂದು ವರ್ಷ ಆ ಕಾಲಿರುವ ಟರ್ಮಿನಲ್ಲೇ ತಯಾರಾಯಿತು. ಸುಟ್ಟು ವಾಪಸ್ ಬಂದ ಸ್ವಿಚ್ಚನ್ನು ಆ ವರ್ಷ ನಾನು ನೋಡಲಿಲ್ಲ.

ಮಾರನೇ ವರ್ಷ ಪಟ್ಟಿ ಒತ್ತುವ ಪ್ರೆಸ್ಸಿನಲ್ಲಿ ಒಂದು ಬಾಗಿನ ಖರ್ಚು ಉಳಿಸಬೇಕೆಂದು ಕಾಲನ್ನು ತೆಗೆದು ಹೊಸ ಡ್ರಾಯಿಂಗ್ ಮಾಡಿದರು. ಕೆಳಗಿನ ಮೂಲೆಯಲ್ಲಿ ಪರಿಶೀಲಿಸಿದವರು ಎಂಬ ಚೌಕ, ಅದರಲ್ಲಿ ನನ್ನ ಸಹಿ ಬೇಕು. "ಸರ್, ಆ ಕಾಲು…" ಎಂದೆ.

"ರೀ, ಸ್ಕ್ರೂ ಬಿಗಿ ಇದ್ರೆ ಕಾಲು ಯಾಕ್ರೀ ಬೇಕು? ಎಲ್ಲಾ ಕಂಪನಿಯವರೂ ಹಿಂಗೇ ಮಾಡ್ತಾರೆ. ನೀವೊಬ್ರೇ ಬುದ್ಧಿವಂತರಾ?"

ಸಹಿ ಹಾಕಿದೆ.

ಮೂರು ತಿಂಗಳಿಗೆ ಮಾವನಿಂದ ಒಂದು ಕಾರ್ಡು ಬಂತು. ಕಡ್ಡಿ ಕಡ್ಡಿ ಅಕ್ಷರ. "ಹೊಸ ಸ್ವಿಚ್ಚಿನಲ್ಲಿ ಕಾಲು ಎಲ್ಲಿ ಹೋಯಿತು ಅಳಿಯಾ? ಮರೆತಿದ್ದಾರೋ, ಬೇಕಂತಲೇ ತೆಗೆದಿದ್ದಾರೋ? ನ್ಯಾಮತಿಯಲ್ಲಿ ಗಿರಣಿಯವರು ಮೊದಲೇ ತಂದಿಟ್ಟಿದ್ದರು, ಹಾಕಿ ಬಂದಿದ್ದೇನೆ. ಕಣ್ಣಿಟ್ಟಿರುತ್ತೇನೆ. ನೀನು ಕೇಳು." ನಾನು ಕೇಳಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ನೌಕರಿ ಕಾಯಂ ಆಗುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳ ಮೇಲೆ ನಾನು ಎಷ್ಟು ವರ್ಷ ತಪ್ಪು ಹೊರಿಸಿದ್ದೇನೆ…

ದೀಪಾವಳಿಗೆ ಮುಂಚೆ ಆ ಗಿರಣಿಯ ಸ್ವಿಚ್ಚು ಸಿಡಿಯಿತು. ಗುಬುಟಿನ ಮೇಲೆ ಕೈ ಇಟ್ಟಿದ್ದ ಮಾಲೀಕರ ಬಲಗೈ ಸುಟ್ಟಿತು. ಸ್ವಿಚ್ಚು ಇನ್ನೂ ಗ್ಯಾರಂಟಿಯಲ್ಲಿತ್ತು, ನೋಡಲು ಮ್ಯಾನೇಜರು ನನ್ನನ್ನೂ ಕರೆದುಕೊಂಡು ಹೋದರು. ಗಿರಣಿ ತುಂಬಾ ಆ ಮೀನಿನ ವಾಸನೆ, ಹಿಟ್ಟಿನ ವಾಸನೆಯ ಜೊತೆ ಕಲಸಿಕೊಂಡು. ಮಾಲೀಕರು ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು.

"ಮಿಸ್ತ್ರಿ ಕುಂಕುಮ ಹಚ್ಚಿ ಹೋಗಿದ್ದ ರೀ. ನಾನೂ ಕೈ ಮುಗ್ದಿದ್ದೆ. ಏನ್ ಬಂತು? ಆ ಕೇರಿಯವನ ಕೈಗೆ ಕೊಟ್ಟಿದ್ದೇ ತಪ್ಪಾತು ನೋಡ್ರಿ."

ನಾನು ಯಾವ ಕೇರಿಯವನು ಎಂದು ಅವರಿಗೆ ಗೊತ್ತಿರಲಿಲ್ಲ. ಪ್ಯಾಂಟು ಹಾಕಿದ್ದೆನಲ್ಲ.

ಮುಚ್ಚಳ ಬಿಚ್ಚಿದೆವು. ಮೂರು ಟರ್ಮಿನಲ್ಲುಗಳಲ್ಲಿ ಒಂದು ಕರಗಿ ಹೋಗಿತ್ತು. ಉಳಿದೆರಡರ ಮೇಲೆ ಕೆಂಪು ಗೆರೆ ಇನ್ನೂ ಇತ್ತು. ನಾನು ಬಗ್ಗಿ ನೋಡಿದೆ. ಎರಡರಲ್ಲೂ ಸ್ಕ್ರೂವಿನಿಂದ ಪಟ್ಟಿಗೆ ಗೆರೆ ಕೂಡಿಕೊಂಡೇ ಇತ್ತು. ಅಂದರೆ ಮಾವ ಬಿಗಿ ಮಾಡಿದ ಸ್ಕ್ರೂ ಬಿಗಿಯಾಗಿಯೇ ಇತ್ತು. ಮುರಿದದ್ದು ಪಟ್ಟಿಗೂ ಬ್ಯಾಕಲೈಟಿಗೂ ನಡುವೆ. ಪಟ್ಟಿಯೇ ತಿರುಗಿತ್ತು. ಕಾಲಿಲ್ಲದ ಪಟ್ಟಿ. ನಾನು ಸಹಿ ಹಾಕಿದ ಪಟ್ಟಿ. ಯಾರದು ತಪ್ಪು ಎನ್ನುವುದನ್ನು ಆ ಮನುಷ್ಯ ಎತ್ತಿನ ಕೊಂಬಿನ ಬಣ್ಣದಲ್ಲಿ ಬರೆದಿಟ್ಟಿದ್ದರು. ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ಮ್ಯಾನೇಜರು ಬೆರಳು ತೋರಿಸಿ ನಕ್ಕರು. "ಸ್ವಿಚ್ಚಿನೊಳಗೆ ಕುಂಕುಮ! ಸುಡದೇ ಇರುತ್ತೇನ್ರೀ? ಏನ್ರೀ ಇಂಜಿನಿಯರ್, ಕುಂಕುಮ ತಾನೇ ಇದು?"

ಎರಡೇ ಮಾತು ಬೇಕಿತ್ತು. ಕುಂಕುಮ ಅಲ್ಲ.

"ಹಂಗೇ ಕಾಣುತ್ತೆ ಸರ್" ಎಂದೆ.

ವರದಿಯನ್ನು ನನ್ನ ಕೈಯಲ್ಲೇ ಬರೆಸಿದರು. ಟರ್ಮಿನಲ್ಲಿನ ಮೇಲೆ ಕುಂಕುಮ ಕಂಡುಬಂದಿದೆ, ಸ್ಥಳೀಯ ಮಿಸ್ತ್ರಿಯ ಮೂಢನಂಬಿಕೆ ಮತ್ತು ಅಜ್ಞಾನವೇ ಅಪಘಾತಕ್ಕೆ ಕಾರಣ. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಇ. ಅದರ ಪ್ರತಿಗಳು ಚನ್ನಗಿರಿ, ಹೊನ್ನಾಳಿಯ ಸ್ವಿಚ್ ಮಾರುವ ಅಂಗಡಿಗಳಿಗೆಲ್ಲ ಹೋದವು. ಒಬ್ಬರಂತೂ ಗೋಡೆಗೆ ಅಂಟಿಸಿದ್ದರಂತೆ. ಮೂಢನಂಬಿಕೆ! ಜೀವಮಾನದಲ್ಲಿ ಯಾವ ಗುಡಿಯೂ ಒಳಗೆ ಬಿಡದ, ಯಾವ ಗುಡಿಗೂ ಹೋಗದ ಮನುಷ್ಯ. ಕೇರಿಯಲ್ಲಿ ಮದುವೆಗೆ ಮುಹೂರ್ತ ಕೇಳಲು ಹೊರಟವರನ್ನು ಬೈದು ಕೂರಿಸುತ್ತಿದ್ದವರು.

ಗಿರಣಿಯವರು ಒಬ್ಬೊಬ್ಬರಾಗಿ ಬೇರೆಯವರನ್ನು ಕರೆಯತೊಡಗಿದರು. ಅಂಗಡಿಯ ಮುಂದಿನ ಮೋಟರುಗಳು ಖಾಲಿಯಾದವು. ಆಮೇಲೆ ಅಂಗಡಿಯೇ ಮುಚ್ಚಿತು. ಅವರು ಹೊನ್ನಾಳಿಯಲ್ಲಿ ಯಾರದೋ ಅಂಗಡಿಯಲ್ಲಿ ಟೇಬಲ್ ಫ್ಯಾನ್ ರಿಪೇರಿಗೆ ಕೂತರು ಎಂದು ಅವ್ವ ಹೇಳಿದಳು. ಹೇಳಿ ನನ್ನ ಮುಖ ನೋಡಲಿಲ್ಲ.

ಆಮೇಲೆ ಸಿಕ್ಕದ್ದು ಒಂದೇ ಸಲ, ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ. ನಾನು ತಪ್ಪಿಸಿಕೊಳ್ಳಲು ನೋಡಿದೆ. ಅವರೇ ಬಂದರು.

"ಹದಿನೈದನೇ ದಿನ ಹೋಗಿದ್ದೆ ಕಣೋ" ಎಂದರು. "ಹಬ್ಬದ ರಶ್ಶು. ಮಂದಿ ಸಾಲು ನಿಂತೈತೆ, ಮೇನ್ ತೆಗಿಯಾಕೆ ಆಗಲ್ಲ, ಮುಂದಿನ ವಾರ ಬಾ ಅಂದ ಮಾಲೀಕ. ಬಿಚ್ಚಾಕೆ ಬಿಟ್ಟಿದ್ರೆ ಗೆರೆ ಮುರ್ದಿದ್ದು ಕಾಣ್ತಿತ್ತು." ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಅವ್ರು ಕುಂಕುಮ ಅಂದಿದ್ರೆ ನಗ್ತಿದ್ದೆ. ನೀನೂ ಅಂದೆಯಾ ಅಳಿಯಾ?"

ನಾನು ಎದುರಿನ ಬಸ್ಸಿನ ಬೋರ್ಡು ಓದುತ್ತಾ ನಿಂತೆ.

"ಹೋಗ್ಲಿ ಬಿಡು. ಅವ್ವ ಆರಾಮ ಇದಾಳಾ?"

ಆ 'ಹೋಗ್ಲಿ ಬಿಡು' ಇದೆಯಲ್ಲ, ಅದಕ್ಕಾಗಿ ನನಗೆ ಅವರ ಮೇಲೂ ಸಿಟ್ಟಿದೆ. ಕಪಾಳಕ್ಕೆ ಹೊಡೆಯಬೇಕಿತ್ತು. ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ಸೇರುವ ಹಾಗೆ ಬೈಯಬೇಕಿತ್ತು. ನಮ್ಮಂಥವರು ಹೋಗ್ಲಿ ಬಿಡು ಎಂದು ಎಷ್ಟು ಬಿಟ್ಟಿದ್ದೇವೆ ಈ ಲೋಕದಲ್ಲಿ! ಆ ಮಾತನ್ನು ಅವರು ಗಿರಣಿಯ ಮಾಲೀಕನಿಗೆ ಹೇಳಿದ್ದರೆ ಒಪ್ಪಬಹುದಿತ್ತು. ನನಗೆ ಹೇಳಿದರು.

ಅದರ ಮಾರನೇ ವರ್ಷ ಕಾರ್ಖಾನೆಯಲ್ಲಿ ಸದ್ದಿಲ್ಲದೆ ಆ ಕಾಲು ವಾಪಸ್ ಬಂತು. ಬೇರೆ ಊರುಗಳಿಂದಲೂ ಸುಟ್ಟ ಸ್ವಿಚ್ಚುಗಳು ಬರತೊಡಗಿದ್ದವು. ಹೊಸ ಡ್ರಾಯಿಂಗಿನಲ್ಲಿ ರಚಿಸಿದವರು ಎಂಬ ಚೌಕದಲ್ಲಿ ಮ್ಯಾನೇಜರ ಹೆಸರಿತ್ತು. ವರದಿಯನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ನಾನೂ ಪಡೆಯಲಿಲ್ಲ. ನೌಕರಿ ಕಾಯಂ ಆಗಿತ್ತು. ಇನ್ನೆರಡು ವರ್ಷಕ್ಕೆ ಮಾವ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಂಗಳಾಗಿತ್ತು…

ಈಗ ನಾವಿರುವುದು ಜಗಳೂರಿನಲ್ಲಿ, ಹೆಂಡತಿಯ ಊರಿನಲ್ಲಿ. ಮಿಕ್ಸಿಗೆ ಹೊಸ ಸ್ವಿಚ್ಚನ್ನು ಪೇಟೆಯಿಂದ ನಾನೇ ತಂದೆ. ಬೇರೆಯವರ ಕೈಗೆ ಕೊಡಲಿಲ್ಲ. ಕನ್ನಡಕ ಹಾಕಿಕೊಂಡು ಬಿಚ್ಚಿ ನೋಡಿದರೆ ಪಟ್ಟಿಯ ತುದಿ ಕೆಳಕ್ಕೆ ಬಾಗಿ ಕಚ್ಚಿನೊಳಗೆ ಕೂತಿದೆ. ಅಕ್ಕಿಕಾಳಿನಷ್ಟು ಚಿಕ್ಕದು. ಎಲ್ಲಿ ತಯಾರಾದದ್ದೋ. ಬೇರೆ ಯಾರೋ ಎಲ್ಲೋ ತಮ್ಮಷ್ಟಕ್ಕೇ ಕಂಡುಕೊಂಡಿರಬಹುದು. ಕೈಯಲ್ಲಿ ಸ್ಕ್ರೂ ಬಿಗಿ ಮಾಡಿದವರು ಯಾರಾದರೂ ಕಂಡುಕೊಳ್ಳುವಂಥದ್ದೇ. ನನಗೆ ಗೊತ್ತಿರುವುದು ಒಬ್ಬರು.

ತಂತಿ ಸೇರಿಸಿ ಬಿಗಿ ಮಾಡಿದೆ. ಮೊಮ್ಮಗಳ ಕೆಂಪು ನೇಲ್ ಪಾಲಿಶ್ ಕಪಾಟಿನಲ್ಲಿತ್ತು. ಬೆಂಕಿಕಡ್ಡಿ ಅದ್ದಿ, ಸ್ಕ್ರೂವಿನ ತಲೆಯಿಂದ ಪಟ್ಟಿ ಹಾಯ್ದು ಗೋಡೆಯವರೆಗೆ ಒಂದು ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. "ಏನ್ರೀ ಇದು, ಮಿಕ್ಸಿಗೂ ಕುಂಕುಮ ಹಚ್ಚಾಕೆ ಶುರು ಮಾಡಿದ್ರಾ?"

"ಕುಂಕುಮ ಅಲ್ಲ" ಎಂದೆ.

ದನಿ ಜೋರಾಗಿಯೇ ಬಂದಿರಬೇಕು. ಅವಳ ನಗು ನಿಂತುಹೋಯಿತು. ನ್ಯಾಮತಿಯ ಆ ಗಿರಣಿಯಲ್ಲಿ ಅಷ್ಟು ಜೋರಾಗಿ ಹೇಳಬೇಕಿದ್ದ ಮಾತು ಜಗಳೂರಿನ ಅಡುಗೆಮನೆಯಲ್ಲಿ ಹೊರಬಿತ್ತು, ಕೇಳಬೇಕಾದವರು ಯಾರೂ ಇಲ್ಲದಾಗ. ಬಣ್ಣ ಒಣಗುವವರೆಗೆ ಅಲ್ಲೇ ಕೂತಿದ್ದೆ. ಹದಿನೈದನೇ ದಿನ ಮತ್ತೆ ಬಿಚ್ಚಿ ನೋಡಬೇಕು.